ಮುಂದಿನ ಸೀಟಿನ ಮೂಗು

ಗ್ಯಾರೇಜು ಇಟ್ಟವನು ನಗು ಹುಡುಕಿಕೊಂಡು ಎಲ್ಲಿಗೂ ಹೋಗಬೇಕಾಗಿಲ್ಲ. ಅದು ತಾನಾಗಿ ಕೆಟ್ಟು ನಿಂತು, ನಾಲ್ಕು ಜನರಿಂದ ನೂಕಿಸಿಕೊಂಡು ಅವನ ಅಂಗಳಕ್ಕೇ ಬರುತ್ತದೆ.

ಐವತ್ತರ ದಶಕದ ಕೊನೆಯಲ್ಲಿ ನಾನು ಪುತ್ತೂರಿನಲ್ಲಿ ಗ್ಯಾರೇಜು ಸುರು ಮಾಡಿದಾಗ ಸುಳ್ಯ, ಕಡಬದ ಕಡೆಯ ಕಾರುಗಳೂ ರಿಪೇರಿಗೆ ನಮ್ಮಲ್ಲಿಗೇ ಬರಬೇಕಿತ್ತು. ಯಾವ ಕಾರಿಗೆ ಕೆಮ್ಮು, ಯಾವುದಕ್ಕೆ ವಾತ ಎಂದು ನನಗೆ ನೆಂಟರ ಕಾಯಿಲೆ ಗೊತ್ತಿರುವ ಹಾಗೆ ಗೊತ್ತಿತ್ತು. ಶಬ್ದದ ತೊಂದರೆಯಾದರೆ ಸುಲಭ. ಕಾರು ನನ್ನೆದುರಿಗೂ ಅದೇ ಶಬ್ದ ಮಾಡುತ್ತದೆ. ವಾಸನೆಯದ್ದು ಹಾಗಲ್ಲ. "ದಾರಿಯಲ್ಲಿ ಎಂತದೋ ಸುಟ್ಟ ವಾಸನೆ ಬಂತು ಮಾರಾಯ್ರೆ" ಎನ್ನುತ್ತಾ ಬರುತ್ತಾರೆ. ಬಂದು ಮುಟ್ಟುವಷ್ಟರಲ್ಲಿ ವಾಸನೆ ಗಾಳಿಗೆ ಹೋಗಿರುತ್ತದೆ. ಎಂತ ಸುಟ್ಟ ಹಾಗಿತ್ತು ಎಂದು ಕೇಳಿದರೆ "ಸುಟ್ಟದ್ದು ಅಂದ್ರೆ ಸುಟ್ಟದ್ದು" ಎಂದು ನನ್ನ ಮೇಲೆಯೇ ಸಿಟ್ಟಾಗುತ್ತಾರೆ. ರಬ್ಬರು ಸುಟ್ಟರೆ ಒಂದು ವಾಸನೆ, ಎಣ್ಣೆ ಸುಟ್ಟರೆ ಇನ್ನೊಂದು, ಬ್ರೇಕಿನ ಪಟ್ಟಿ ಸುಟ್ಟರೆ ಬೇರೆಯೇ. ಇದನ್ನು ಬಿಡಿಸಿ ಹೇಳುವ ಗಿರಾಕಿ ನನಗೆ ಇಡೀ ಜೀವಮಾನದಲ್ಲಿ ಸಿಕ್ಕಿದ್ದು ಒಬ್ಬರೇ. ಸುಳ್ಯದ ಹತ್ತಿರ ಅಜ್ಜಾವರದಿಂದ ಬರುತ್ತಿದ್ದ ಒಬ್ಬ ಬಾಡಿಗೆ ಕಾರಿನವರ ಹೆಂಡತಿ ಅವರು. ಗಂಡನನ್ನು ನಾನು ಡ್ರೈವರಣ್ಣ ಎನ್ನುತ್ತಿದ್ದೆ, ಅವರನ್ನು ಅಕ್ಕ ಎನ್ನುತ್ತಿದ್ದೆ.

ಏರು ಹೆಚ್ಚಿದ್ದ ದಿನ

ಮೊದಲ ಸಲ ಅವರು ಬಂದ ದಿನ ಹಳೇ ವಿಲಾಯತಿ ಕಾರೊಂದು ಅಂಗಳದಲ್ಲಿ ಉಸ್ಸೆಂದು ನಿಂತಿತು. ಯಾವುದೋ ಕಾಫಿ ತೋಟದ ದೊರೆ ಊರು ಬಿಡುವಾಗ ಮಾರಿ ಹೋದ ಕಾರು. ಡ್ರೈವರಣ್ಣ ಇಳಿದರು, ಎಡಗಡೆಯ ಬಾಗಿಲಿನಿಂದ ಅಕ್ಕ ಇಳಿದರು. ಬಾಡಿಗೆ ಕಾರಿನ ಮುಂದಿನ ಸೀಟಿನಲ್ಲಿ ಹೆಂಡತಿಯನ್ನು ಕೂರಿಸಿಕೊಂಡು ಬರುವವರನ್ನು ಅದುವರೆಗೆ ನಾನು ಕಂಡಿರಲಿಲ್ಲ.

"ಎಂತ ತೊಂದರೆ ಅಣ್ಣ?"

"ಸುಟ್ಟ ವಾಸನೆ ಬರ್ತದಂತೆ."

"ಅಂತೆ ಅಂದ್ರೆ? ನಿಮಗೆ ಬರುದಿಲ್ವಾ?"

"ನನಗೆ ಮೂಗಿಲ್ಲ. ಅವಳನ್ನು ಕೇಳಿ."

ಮುಖದ ನಡುವೆ ಅಷ್ಟು ದೊಡ್ಡ ಮೂಗು ಇಟ್ಟುಕೊಂಡು ಇವರು ಹಾಗೆ ಹೇಳಿದಾಗ ನಾನು ನಕ್ಕುಬಿಟ್ಟೆ. ಅವರು ನಗಲಿಲ್ಲ. ಅಕ್ಕನನ್ನು ಕೇಳಿದೆ.

"ಅನ್ನ ಸೀದ ಹಾಗಲ್ಲ, ಕೂದಲು ಸುಟ್ಟ ಹಾಗಲ್ಲ," ಎಂದು ಅವರು ಕಣ್ಣು ಮುಚ್ಚಿ ಯೋಚಿಸಿದರು. "ಹಳೇ ಕಂಬಳಿ ಒಲೆ ಹತ್ತಿರ ಬಿದ್ದರೆ ಬರ್ತದಲ್ಲ, ಹಾಗೆ. ಹಿಂದಿನಿಂದ ಬರ್ತದೆ. ಕಾರು ನಿಂತ ಮೇಲೆ ಜಾಸ್ತಿ."

ಹಿಂದಿನ ಚಕ್ರದ ಹತ್ತಿರ ಕೈ ಹಿಡಿದೆ. ಮುಟ್ಟುವ ಮೊದಲೇ ಕಾವು ತಾಗಿತು. ತಂತಿಗೆ ತುಕ್ಕು ಹಿಡಿದು ಹ್ಯಾಂಡ್ ಬ್ರೇಕು ಅರ್ಧ ಬಿಗಿದೇ ಉಳಿದಿತ್ತು. ಸುಳ್ಯದಿಂದ ಪುತ್ತೂರಿನವರೆಗೆ ಕಾರು ಬ್ರೇಕು ಹಾಕಿಕೊಂಡೇ ಓಡಿತ್ತು. ಓಡಿತ್ತು ಎನ್ನುವುದಕ್ಕಿಂತ ಅದನ್ನು ಎಳೆದು ತಂದಿದ್ದರು.

ನಾನು ಚಕ್ರ ಬಿಚ್ಚುವಾಗ ಅಕ್ಕ ಮುಖ ತೊಳೆಯಲು ಬಾವಿಕಟ್ಟೆಗೆ ಹೋದರು. ಆಗ ಡ್ರೈವರಣ್ಣ ಮೆಲ್ಲಗೆ ಹೇಳಿದರು. ಹಿಂದಿನ ಮಳೆಗಾಲದಲ್ಲಿ ಅವರ ಮನೆಗೆ ವಿಷಮಜ್ವರ ಬಂದಿತ್ತು. ಅಪ್ಪನಿಗೂ ಮಗಳಿಗೂ ಒಟ್ಟಿಗೇ. ಒಬ್ಬಳೇ ಮಗಳು, ಆ ವರ್ಷ ಶಾಲೆಗೆ ಸೇರಿಸಬೇಕಾಗಿದ್ದವಳು. ಅವಳು ಉಳಿಯಲಿಲ್ಲ. ಇವರು ಉಳಿದರು, ವಾಸನೆ ಹೋಯಿತು.

"ಇವಳು ಮನೆಯಲ್ಲಿ ಒಬ್ಬಳೇ ಕೂತರೆ ಕೂತಲ್ಲಿಂದ ಏಳುದಿಲ್ಲ ಮಾರಾಯ," ಎಂದರು. "ನಾನು ಬಾಡಿಗೆಗೆ ಹೋಗಿ ಸಂಜೆ ಬಂದರೆ ಬೆಳಗ್ಗೆ ಕೂತಲ್ಲೇ ಇರ್ತಾಳೆ. ಒಲೆ ಹೊತ್ತಿರುದಿಲ್ಲ. ಒಂದು ದಿನ ಹೇಳಿದೆ, ನನಗೆ ಮೂಗಿಲ್ಲ, ಕಾರಿಗೆ ಬೆಂಕಿ ಹಿಡಿದರೂ ಗೊತ್ತಾಗುದಿಲ್ಲ, ನೀನು ಬಾ ಅಂತ. ಆವತ್ತು ಸೀರೆ ಬದಲಿಸಿ ಬಂದಳು."

ನಾನು ಸ್ಪ್ಯಾನರಿನಿಂದ ಚಕ್ರಕ್ಕೆ ಸುಮ್ಮನೆ ಎರಡು ಬಡಿದೆ. ಆಮೇಲೆ ಮಾತು ಬದಲಿಸಲು ಕೇಳಿದೆ: "ಅಲ್ಲಣ್ಣ, ಮೂಗು ಇಲ್ಲ ಸರಿ. ಕಾರು ಎಳೀತಾ ಇಲ್ಲ ಅಂತಲೂ ಗೊತ್ತಾಗಲಿಲ್ವಾ?"

"ಗೊತ್ತಾಯ್ತು," ಎಂದರು ಅವರು. "ಇವತ್ತು ರಸ್ತೆಯಲ್ಲಿ ಏರು ಸ್ವಲ್ಪ ಜಾಸ್ತಿ ಉಂಟು ಅಂತ ಕಂಡಿತು."

ಇಚಿಲಂಪಾಡಿಗೆ ಹೆಣ್ಣು ನೋಡಲು

ಅಲ್ಲಿಂದ ಮೇಲೆ ಆ ಕಾರು ಎಲ್ಲಿಗೆ ಹೋದರೂ ಮುಂದಿನ ಸೀಟಿನಲ್ಲಿ ಅಕ್ಕ. ಬಾಡಿಗೆಗೆ ಬಂದವರು "ಇವರು ಯಾರು?" ಎಂದು ಕೇಳಿದರೆ ಡ್ರೈವರಣ್ಣನ ಉತ್ತರ ಒಂದೇ: "ಮೂಗು." ಮೊದಮೊದಲು ಕೆಲವರು ಗೊಣಗಿದರು. ಆಮೇಲೆ ಮೂಗು ಇರುವ ಕಾರೇ ವಾಸಿ ಎಂದು ಜನರಿಗೂ ಅಭ್ಯಾಸವಾಯಿತು.

ಒಂದು ಸಲ ಸುಳ್ಯದಿಂದ ಇಚಿಲಂಪಾಡಿಗೆ ಹೆಣ್ಣು ನೋಡಲು ಹೋಗುವ ಬಾಡಿಗೆ. ಹಿಂದಿನ ಸೀಟಿನಲ್ಲಿ ಹುಡುಗ, ಅವನ ಅಪ್ಪ, ಅವನ ಸೋದರಮಾವ. ಕಾಲಬುಡದಲ್ಲಿ ದಾರಿಯ ಸೆಕೆಗೆಂದು ಒಂದು ತಂಬಿಗೆ ಮಜ್ಜಿಗೆ. ಕಡಬ ದಾಟಿದ್ದೇ ಅಕ್ಕ ಹೇಳಿದರು: "ನಿಲ್ಲಿಸಿ. ನಾರು ಸುಟ್ಟ ವಾಸನೆ."

ನಿಲ್ಲಿಸಿದರು. ಬೋನೆಟ್ಟು ಎತ್ತಿ ನೋಡಿದರು. ಎಂತದೂ ಇಲ್ಲ. ಹೊರಟರು. ಮುಂದಿನ ತಿರುವಿನಲ್ಲಿ ಪುನಃ "ನಿಲ್ಲಿಸಿ." ಹೀಗೆ ನಿಂತು ನಿಂತು ಹೋಗುವಾಗ ಹುಡುಗನ ಅಪ್ಪನಿಗೆ ಸಿಟ್ಟು ಬಂತು. "ನಾವು ಹೆಣ್ಣು ನೋಡ್ಲಿಕ್ಕೆ ಹೊರಟದ್ದಾ, ಬೆಂಕಿ ನೋಡ್ಲಿಕ್ಕಾ?" ಎಂದರು. ಮಾವ ಮಾತ್ರ ಮಾತಾಡದೆ, ಸೀಟಿಗೆ ಬೆನ್ನು ಒತ್ತಿ ನೆಟ್ಟಗೆ ಕೂತಿದ್ದರು. ಅಷ್ಟರಲ್ಲಿ ಹುಡುಗ "ಅಯ್ಯೋ!" ಎಂದು ಕೂತಲ್ಲಿಂದ ಹಾರಿದ.

ಮಾವ ಬೀಡಿ ಬಿಟ್ಟಿದ್ದೇನೆಂದು ಮನೆಯವರಿಗೆಲ್ಲ ಹೇಳಿದ್ದರಂತೆ. ಕಡಬದಲ್ಲಿ ಚಾ ಕುಡಿಯಲು ನಿಂತಾಗ ಕಾರಿನ ಹಿಂದೆ ಹೋಗಿ ಸೇದಿ, ಹುಡುಗನ ಅಪ್ಪ ಬರುವುದನ್ನು ಕಂಡು ಗಡಿಬಿಡಿಯಲ್ಲಿ ತುಂಡನ್ನು ಕಿಟಕಿಯಿಂದ ಒಳಗೆ ಸೀಟಿನ ಸಂದಿಗೆ ತುರುಕಿದ್ದರು. ಸೀಟಿನ ಒಳಗಿನ ತೆಂಗಿನ ನಾರು ಮೆಲ್ಲಗೆ ಹೊಗೆಯಾಡುತ್ತಾ ಹುಡುಗನ ಬುಡಕ್ಕೆ ಬಂದು ಮುಟ್ಟಿತ್ತು. ಹತ್ತಿರ ನೀರಿನ ತೋಡೂ ಇರಲಿಲ್ಲ. ಡ್ರೈವರಣ್ಣ ತಂಬಿಗೆಯ ಮಜ್ಜಿಗೆಯನ್ನೇ ಸೀಟಿಗೆ ಹೊಯ್ದು ಬೆಂಕಿ ಆರಿಸಿದರು. ಬೇರೆ ಜಾಗ ಇಲ್ಲದೆ ಹುಡುಗ ಅದರ ಮೇಲೆಯೇ ಕೂತು ಹೋಗಬೇಕಾಯಿತು.

ಹೆಣ್ಣಿನ ಮನೆ ಮುಟ್ಟಿದಾಗ ಅಕ್ಕ ಇಳಿಯಲಿಲ್ಲ. ಶುಭಕಾರ್ಯದ ಮನೆಗೆ ನಾನು ಯಾಕೆ ಎಂದು ಕಾರಿನಲ್ಲೇ ಕೂತರು. ಮಗು ಹೋದ ಮೇಲೆ ಅವರು ಯಾವ ಮನೆಯ ಜಗಲಿಯನ್ನೂ ಹತ್ತಿರಲಿಲ್ಲ. ಡ್ರೈವರಣ್ಣನೂ ಒಳಗೆ ಹೋಗದೆ ಸುಮ್ಮನೆ ಕಾರಿನ ಗಾಜು ಒರೆಸುತ್ತಾ ನಿಂತರು. ಒಳಗೆ ಹುಡುಗ ಬೆನ್ನನ್ನು ಗೋಡೆಗೆ ಕೊಟ್ಟು ಪಕ್ಕಪಕ್ಕಕ್ಕೆ ನಡೆದು ಹೋಗಿ ಬೆಂಚಿನಲ್ಲಿ ಕೂತ. ಕೂತು ಎದ್ದಾಗ ಬೆಂಚು ಒದ್ದೆ, ಪಂಚೆ ಒದ್ದೆ.

ಹೆಣ್ಣಿನ ಅಜ್ಜಿ ನೋಡಿದರು. ಜಗಲಿಯಿಂದ ಅಕ್ಕನಿಗೂ ಕೇಳುವ ಹಾಗೆ ಗಟ್ಟಿಯಾಗಿ ಹೇಳಿದರು: "ಪಾಪ! ನಮ್ಮ ಹುಡುಗಿ ಇನ್ನೂ ಹೊರಗೆ ಬರಲೇ ಇಲ್ಲ, ಆಗಲೇ ಇಷ್ಟು ಹೆದರಿದನಾ?"

ಆ ಸೀಟು ರಿಪೇರಿಗೆ ಬಂದಾಗ ಈ ಕತೆ ಹೇಳಿ ಅಕ್ಕ ಸೆರಗು ಬಾಯಿಗೆ ಇಟ್ಟುಕೊಂಡರು. ಡ್ರೈವರಣ್ಣ ಅವರ ಮುಖವನ್ನೇ ನೋಡುತ್ತಿದ್ದರು. ಮದುವೆ ಆಯಿತಾ ಎಂದು ನಾನು ಕೇಳಿದೆ. ಆಯಿತಂತೆ. ಹೆದರುವ ಗಂಡನೇ ಬೇಕೆಂದು ಹುಡುಗಿ ಹಟ ಹಿಡಿದಳಂತೆ.

ಇಲಿಯ ಅಡಿಗೆ

ಇನ್ನೊಂದು ಮಳೆಗಾಲದ ಸುರುವಿನಲ್ಲಿ ಅಕ್ಕ ಬಂದು ಹೇಳಿದ ವಾಸನೆ ನನ್ನನ್ನು ದಿನವಿಡೀ ಕಾಡಿತು. "ಕೆಟ್ಟ ವಾಸನೆ ಅಲ್ಲ," ಎಂದರು. "ಒಳ್ಳೇ ವಾಸನೆ. ಎಂತದೋ ಬೇಯ್ತಾ ಉಂಟು."

ಕಾರಿನಲ್ಲಿ ಒಳ್ಳೆಯ ವಾಸನೆ ಬಂದರೆ ಮೆಕ್ಯಾನಿಕ್ಕಿಗೆ ಹೆದರಿಕೆ ಜಾಸ್ತಿ. ವಯರುಗಳನ್ನೆಲ್ಲ ಬೆರಳಿನಿಂದ ಸವರಿ ನೋಡಿದೆ. ಕಾರಿನ ಕೆಳಗೆ ಮಲಗಿ ನೋಡಿದೆ. ಕ್ಲಚ್ಚು ಒತ್ತಿ, ಬಿಟ್ಟು, ಪೇಟೆಗೆ ಒಂದು ಸುತ್ತು ಹೋಗಿ ಬಂದೆ. ವಾಸನೆ ನನಗೂ ಬಂತು. ನಿಜಕ್ಕೂ ಹಸಿವಾಗುವಂಥ ವಾಸನೆ. ಕೊನೆಗೆ ಇಂಜಿನಿನಿಂದ ಬೆಂಕಿಕಾವು ಹೊರಗೆ ಹೋಗುವ ದಪ್ಪ ಕೊಳವೆ ಉಂಟಲ್ಲ, ಅದರ ಹಿಂದಿನ ಸಂದಿಗೆ ಕೈ ಹಾಕಿದಾಗ ಬೆರಳಿಗೆ ಉರುಟುರುಟಾಗಿ ಎಂತದೋ ಸಿಕ್ಕಿತು. ತೆಗೆದರೆ ಹಲಸಿನ ಬೀಜ! ಒಂದಲ್ಲ, ಒಂದು ಮುಷ್ಟಿ. ಇಲಿ ಮಳೆಗಾಲಕ್ಕೆಂದು ಅಲ್ಲಿ ಕೂಡಿಟ್ಟಿತ್ತು. ಕಾರು ಓಡಿದಾಗೆಲ್ಲ ಅವು ಹದವಾಗಿ ಹುರಿದುಕೊಂಡಿದ್ದವು.

ನಾನು ಬಿಸಾಡಲು ಹೊರಟೆ. ಅಕ್ಕ ಕೈ ಚಾಚಿದರು. ಬೆಂಚಿನ ಮೇಲೆ ಕೂತು, ಒಂದರ ಸಿಪ್ಪೆ ಸುಲಿದು, ಕೈಯಲ್ಲಿ ಹಿಡಿದುಕೊಂಡು ಸುಮಾರು ಹೊತ್ತು ನೋಡಿದರು.

"ಅವಳಿಗೆ ಇದು ಅಂದರೆ ಜೀವ," ಎಂದರು. "ಬೂದಿಯಿಂದ ತೆಗೆಯುವ ಮೊದಲೇ ಕೈ ಹಾಕ್ತಿದ್ದಳು. ಬೆರಳು ಸುಟ್ಟುಕೊಂಡು ನನಗೇ ಬಯ್ತಿದ್ದಳು."

ಅಷ್ಟು ಸಮಯದಲ್ಲಿ ಮಗಳ ಮಾತು ಅವರ ಬಾಯಿಂದ ಬಂದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಡ್ರೈವರಣ್ಣನಿಗೂ ಅದೇ ಮೊದಲ ಸಲ ಇರಬೇಕು. ಅವರು ನಿಂತಲ್ಲೇ ನಿಂತರು, ಆಮೇಲೆ ಹೋಗಿ ಹೆಂಡತಿಯ ಪಕ್ಕ ಬೆಂಚಿನಲ್ಲಿ ಕೂತರು. ಅಕ್ಕ ಒಂದು ಬೀಜ ಅವರಿಗೆ ಕೊಟ್ಟರು, ಒಂದು ನನಗೆ. ಮೂವರೂ ಗ್ಯಾರೇಜಿನ ಬೆಂಚಿನಲ್ಲಿ ಕೂತು, ಕರಿ ಕೈಯಲ್ಲಿ, ಇಲಿಯ ಗಂಟು ತಿಂದೆವು.

ಕೊನೆಗೆ ನಾನು ಸಿಪ್ಪೆ ಒಟ್ಟು ಮಾಡುತ್ತಾ, "ಇಲಿಗೆ ಎಂತಾದರೂ ಪಾಷಾಣ ಇಡಬೇಕು ಅಣ್ಣ, ಇಲ್ಲದಿದ್ದರೆ ನಾಳೆ ವಯರು ಕಡಿದೀತು," ಎಂದೆ.

"ಬಿಡಿ, ಪಾಪ," ಎಂದರು ಅಕ್ಕ ಕಣ್ಣೊರಸಿಕೊಳ್ಳುತ್ತಾ. "ಮುಂದಿನ ಸಲ ಸ್ವಲ್ಪ ಉಪ್ಪು ಹಾಕ್ಲಿಕ್ಕೆ ಹೇಳಿದರೆ ಸಾಕು."

ಔಷಧವಲ್ಲ, ಪ್ರಶ್ನೆ

ಹೀಗೆ ಕೆಲವು ವರ್ಷ ಹೋಯಿತು. ಒಂದು ದಿನ ಡ್ರೈವರಣ್ಣ ಒಬ್ಬರೇ ಬಂದರು. ಎಡಗಡೆಯ ಬಾಗಿಲು ತೆರೆಯುವುದನ್ನು ನಾನು ಕಾಯುತ್ತಾ ನಿಂತೆ. ತೆರೆಯಲಿಲ್ಲ.

ಅಕ್ಕನಿಗೆ ಹೊಟ್ಟೆಯಲ್ಲಿ ಗಡ್ಡೆ. ಮಂಗಳೂರಿಗೆ ಕರಕೊಂಡು ಹೋಗಿದ್ದರು. ಅಲ್ಲಿಯವರು ಪರೀಕ್ಷೆ ಮಾಡಿ, ತಡವಾಯಿತು, ಮನೆಯಲ್ಲೇ ಚೆನ್ನಾಗಿ ನೋಡಿಕೊಳ್ಳಿ ಎಂದಿದ್ದರು.

ಕಾರಿನಲ್ಲಿ ಹೊಗೆ ಬರುತ್ತಿತ್ತು. ಆದರೆ ಡ್ರೈವರಣ್ಣ ನನ್ನನ್ನು ಮುಟ್ಟಲು ಬಿಡಲಿಲ್ಲ. "ಮೊದಲು ಅವಳು ಹೇಳಲಿ," ಎಂದರು. ಒಂದು ಹಳೇ ಬಟ್ಟೆಯಲ್ಲಿ ಇಂಜಿನಿನ ಮೈಯೆಲ್ಲ ಒರೆಸಿ, ಬಾಳೆಲೆಯಲ್ಲಿ ಸುತ್ತಿ, ಪ್ರಸಾದ ತೆಗೆದುಕೊಂಡು ಹೋಗುವ ಹಾಗೆ ಬಸ್ಸಿನಲ್ಲಿ ಅಜ್ಜಾವರಕ್ಕೆ ಹೋದರು. ಮರುದಿನ ಬಂದು ತೀರ್ಪು ಹೇಳಿದರು: "ಎಣ್ಣೆಯಂತೆ. ಮೇಲಿನಿಂದ ಬಿಸಿ ಜಾಗಕ್ಕೆ ಹನಿ ಬೀಳ್ತಾ ಉಂಟಂತೆ." ನೋಡಿದೆ. ಇಂಜಿನಿನ ಮೇಲಿನ ಮುಚ್ಚಳದ ಅಡಿಯ ಪಟ್ಟಿ ಹರಿದು, ಎಣ್ಣೆ ಹನಿಹನಿಯಾಗಿ ಬಿಸಿ ಕೊಳವೆಯ ಮೇಲೆ ಬೀಳುತ್ತಿತ್ತು.

ಆ ಬಟ್ಟೆಯನ್ನು ಅವರು ಅಕ್ಕನಿಗೆ ಮೂಸಿಸುತ್ತಿದ್ದಾಗಲೇ ಸುಳ್ಯದ ಡಾಕ್ಟರು ಮನೆಗೆ ಬಂದಿದ್ದರಂತೆ. ನೋಡಿದರೆ ರೋಗಿಯ ಮೂಗಿಗೆ ಗಂಡ ಕಪ್ಪು ಎಣ್ಣೆಬಟ್ಟೆ ಹಿಡಿದಿದ್ದಾನೆ! ಡಾಕ್ಟರು ಹೌಹಾರಿ, "ಇದು ಯಾವ ಪಂಡಿತನ ಔಷಧ? ತೆಗೀರಿ ಮೊದಲು!" ಎಂದು ಕೂಗಿದರಂತೆ.

ಡ್ರೈವರಣ್ಣ ಬಟ್ಟೆ ತೆಗೆಯದೆ ಹೇಳಿದರಂತೆ: "ಇದು ಔಷಧ ಅಲ್ಲ ಡಾಕ್ಟ್ರೇ, ಪ್ರಶ್ನೆ. ಉತ್ತರ ಬಂದ ಕೂಡಲೇ ತೆಗೀತೇನೆ."

ಮಳೆ ನೋಡುವ ಜಾಗ

ಅಕ್ಕನನ್ನು ನೋಡಲು ನಾನು ಅಜ್ಜಾವರಕ್ಕೆ ಹೋದೆ. ಚಾಪೆಯ ಮೇಲೆ ಅವರು ಇದ್ದಾರೋ ಇಲ್ಲವೋ ಎನ್ನುವಷ್ಟು ಸಣ್ಣಗಾಗಿದ್ದರು. ಗಂಡ ಎಳನೀರು ತರಲು ಹೊರಗೆ ಹೋದದ್ದೇ, ನನ್ನನ್ನು ಹತ್ತಿರ ಕರೆದರು.

"ನಾನು ಹೋದ ಮೇಲೆ ಕಾರಿನ ಚಿಂತೆ ಮಾಡಬೇಡಿ," ಎಂದರು. "ಅವರಿಗೆ ಮೂಗು ಉಂಟು."

"ಎಂತ?"

"ಸರಿಯಾಗಿ ಉಂಟು. ಜ್ವರದಲ್ಲಿ ಹೋದದ್ದು ನಿಜ. ಮಾರನೇ ವರ್ಷ ಮೊದಲ ಮಳೆಗೆ ಬಂತು. ಅಂಗಳದಲ್ಲಿ ಮಣ್ಣಿನ ವಾಸನೆ ಎದ್ದಾಗ ಕಣ್ಣು ಮುಚ್ಚಿ ಮೂಗು ಅರಳಿಸಿ ನಿಂತಿದ್ದರು. ನಾನು ಬಾಗಿಲಿನಿಂದ ನೋಡಿದೆ. ನಾನು ನೋಡಿದ್ದನ್ನು ಅವರು ನೋಡಲಿಲ್ಲ."

"ಮತ್ತೆ ನೀವು ಹೇಳಲಿಲ್ವಾ?"

"ಹೇಳಿದರೆ ನಾನು ಮನೆಯಲ್ಲಿ ಕೂರಬೇಕಲ್ಲ? ಈ ಮನೆಯಲ್ಲಿ ಒಬ್ಬಳೇ ಕೂತು ಎಂತ ಮಾಡುದು? ಅವರೂ ಅದಕ್ಕೇ ಹೇಳಲಿಲ್ಲ." ಉಸಿರು ಎಳೆದುಕೊಳ್ಳಲು ಸ್ವಲ್ಪ ನಿಂತರು. "ನನಗೆ ಗೊತ್ತುಂಟು ಅಂತ ಅವರಿಗೆ ಹೇಳ್ಬೇಡಿ. ನನಗೆ ಇಷ್ಟು ವರ್ಷ ಚಂದ ಮೋಸ ಮಾಡಿದೆ ಅಂತ ಅವರಿಗೆ ಒಂದು ಸಂತೋಷ ಉಂಟು. ಅದು ಇರಲಿ."

ನನ್ನ ಕಣ್ಣು ತುಂಬಿದ್ದು ಕಂಡು ಅವರೇ ನನ್ನನ್ನು ಸಮಾಧಾನ ಮಾಡಲು ಹೊರಟರು.

"ಈ ಗಂಡಸರಿಗೆ ಸುಳ್ಳು ಹೇಳ್ಲಿಕ್ಕೆ ಬರುದಿಲ್ಲ ಮಾರಾಯ್ರೆ. ಒಂದು ದಿನ ಹುಳಿ ಸೀದಿತು. ನಾನು ಹಿತ್ತಿಲಿನಲ್ಲಿದ್ದೆ. ಇವರು ಜಗಲಿಯಿಂದ ಒಲೆಯ ಹತ್ತಿರಕ್ಕೆ ಒಂದೇ ಓಟ! ಅಷ್ಟರಲ್ಲಿ ನಾನು ಬಂದದ್ದು ಕಂಡು ಗಕ್ಕನೆ ನಿಂತು ಹೇಳ್ತಾರೆ, ಮಳೆ ಬರ್ತದಾ ಅಂತ ನೋಡ್ಲಿಕ್ಕೆ ಬಂದೆ ಅಂತ. ನೀವೇ ಹೇಳಿ, ಮಳೆ ನೋಡ್ಲಿಕ್ಕೆ ಒಲೆಬುಡಕ್ಕೆ ಬರುವವರು ಯಾರಾದರೂ ಉಂಟಾ?"

ಬೈರಾಸು

ಅಕ್ಕ ಹೋದರು. ಅವರ ಬೂದಿಯನ್ನು ಉಪ್ಪಿನಂಗಡಿಯಲ್ಲಿ ಎರಡು ಹೊಳೆ ಸೇರುವಲ್ಲಿ ಬಿಡಬೇಕೆಂದು ಹಿರಿಯರು ಹೇಳಿದರು. ಬೇರೆ ಯಾರಾದರೂ ಕಾರು ಬಿಡಲಿ ಎಂದು ನಾವೆಲ್ಲ ಹೇಳಿ ನೋಡಿದೆವು. ಡ್ರೈವರಣ್ಣ ಕೇಳಲಿಲ್ಲ. "ಅವಳು ಬೇರೆಯವರ ಹತ್ತಿರ ಕೂತವಳಲ್ಲ," ಎಂದರು. ಬಟ್ಟೆ ಕಟ್ಟಿದ ಮಡಕೆಯನ್ನು ತಾವೇ ತಂದು ಎಡಗಡೆಯ ಸೀಟಿನಲ್ಲಿ ಇಟ್ಟರು. ಹಿಂದೆ ನಾವು ಮೂವರು: ನಾನು, ಡ್ರೈವರಣ್ಣನ ತಮ್ಮ, ಮತ್ತು ಕೊಲ್ಲಮೊಗ್ರಿನಿಂದ ಬಂದಿದ್ದ ಅಕ್ಕನ ಮುದಿ ಸೋದರಮಾವ.

ಹೊಳೆಯ ಹತ್ತಿರ ಮುಟ್ಟುವಾಗ ಇಂಜಿನು ಕಾದು ಬಿಸಿಯಾಗಿತ್ತು. ಡ್ರೈವರಣ್ಣ ಬೋನೆಟ್ಟು ತೆರೆದಿಟ್ಟು ನೀರಿಗೆ ಇಳಿದರು. ಬೂದಿ ಬಿಟ್ಟರು, ಮುಳುಗಿದರು, ಎದ್ದು ಬಂದರು. ಒಂದು ಹನಿ ಕಣ್ಣೀರು ಹಾಕಲಿಲ್ಲ. ಅಕ್ಕ ಹೋದ ದಿನದಿಂದ ಹಾಕಿರಲಿಲ್ಲ. ನಮಗೆಲ್ಲ ಅದೇ ಹೆದರಿಕೆಯಾಗಿತ್ತು. ಅವರು ಎತ್ತಲೋ ನೋಡುತ್ತಾ ಬೋನೆಟ್ಟು ಮುಚ್ಚಿದರು, ಕಾರು ಹತ್ತಿದರು. ವಾಪಸು ಹೊರಟಾಗ ಮುಂದಿನ ಸೀಟಿನಲ್ಲಿ ಕೂರಲು ಯಾರಿಗೂ ಮನಸ್ಸಾಗಲಿಲ್ಲ. ಅದನ್ನು ಖಾಲಿ ಬಿಟ್ಟು ಮೂವರೂ ಒದ್ದೆ ಬಟ್ಟೆಯಲ್ಲಿ ಹಿಂದೆಯೇ ಒತ್ತೊತ್ತಾಗಿ ಕೂತೆವು.

ಉಪ್ಪಿನಂಗಡಿ ಪೇಟೆ ದಾಟಿದ್ದೇ ಸುಟ್ಟ ವಾಸನೆ.

ನಾನು ಬಾಯಿ ತೆರೆದೆ, ಮುಚ್ಚಿದೆ. ಆ ದಿನ, ಆ ಕಾರಿನಲ್ಲಿ, "ಸುಟ್ಟ ವಾಸನೆ" ಎನ್ನುವ ಮಾತು ಹೇಗೆ ಆಡುವುದು? ತಮ್ಮನ ಕಡೆ ನೋಡಿದೆ. ಅವನು ಕಿಟಕಿಯ ಹೊರಗೆ ನೋಡುತ್ತಿದ್ದ. ಮುದಿ ಮಾವ ತಲೆ ತಗ್ಗಿಸಿ ಕೂತಿದ್ದರು. ಡ್ರೈವರಣ್ಣನ ಮುಖ ಕನ್ನಡಿಯಲ್ಲಿ ಕಾಣುತ್ತಿತ್ತು. ಮೂಗಿನ ಹೊಳ್ಳೆ ಒಂದು ಸಲ ಅರಳಿತು. ಅವರು ಎಡಕ್ಕೆ ತಿರುಗಿ ಖಾಲಿ ಸೀಟನ್ನು ನೋಡಿದರು. ಮುಂದೆ ನೋಡಿದರು. ಕಾರು ಬಿಡುತ್ತಲೇ ಹೋದರು. ವಾಸನೆ ಜಾಸ್ತಿಯಾಯಿತು. ನನ್ನ ಕಣ್ಣು ಉರಿಯಲು ಸುರುವಾಯಿತು. ಯಾರೂ ಮಾತಾಡಲಿಲ್ಲ. ಕೋಡಿಂಬಾಡಿ ಹತ್ತಿರ ಬೋನೆಟ್ಟಿನ ಎರಡೂ ಬದಿಯಿಂದ ಹೊಗೆ ಎದ್ದು ರಸ್ತೆಯೇ ಕಾಣದೆ ಹೋದಾಗ ಕಾರು ತಾನಾಗಿ ನಿಂತಿತು.

ಹಾರಿ ಇಳಿದು ಬೋನೆಟ್ಟು ಎತ್ತಿದೆ. ಇಂಜಿನಿನ ಮೇಲೆ ಉದ್ದಕ್ಕೆ ಹರಡಿ ಹಾಸಿದ ಒಂದು ಬೈರಾಸು! ಸ್ನಾನಕ್ಕೆಂದು ತಂದ ಟವೆಲು. ಅರ್ಧ ಬೂದಿಯಾಗಿತ್ತು, ಉಳಿದರ್ಧ ಕೆಂಪಗೆ ಹೊಗೆಯುತ್ತಿತ್ತು. ಕೋಲಿನಿಂದ ಎಳೆದು ರಸ್ತೆಗೆ ಹಾಕಿ ತುಳಿದೆ.

"ಯಾರದ್ದು ಇದು?"

"ನನ್ನದು," ಎಂದರು ಮುದಿ ಮಾವ. "ಒಣಗಲಿ ಅಂತ ಹರಡಿದೆ. ಕಾರು ಹೊರಟ ಮೇಲೆ ನೆನಪಾಯ್ತು. ಆದರೆ ಅಳಿಯ ಹೆಂಡತಿಯನ್ನು ನೀರಿಗೆ ಬಿಟ್ಟು ಬರುವಾಗ, ನನ್ನ ಬೈರಾಸು ಎಲ್ಲಿ ಅಂತ ಕೇಳುದು ಹೇಗೆ ಮಾರಾಯ?"

"ನನಗೂ ವಾಸನೆ ಬಂತು," ಎಂದ ತಮ್ಮ. "ಚಿತೆಯದ್ದು ಮೂಗಿನಿಂದ ಇನ್ನೂ ಹೋಗಲಿಲ್ಲ ಅಂತ ಸುಮ್ಮನೆ ಕೂತೆ."

ನಾನು ಡ್ರೈವರಣ್ಣನ ಕಡೆ ತಿರುಗಿ, ಏನೂ ಗೊತ್ತಿಲ್ಲದವನ ಹಾಗೆ ಕೇಳಿದೆ: "ಅಣ್ಣ, ನಿಮಗೆ ಬಂತಾ?"

"ಬಂತು," ಎಂದರು. "ಪೇಟೆ ದಾಟಿದ ಕೂಡಲೇ ಬಂತು. ಆದರೆ ಅದನ್ನು ಹೇಳುದು ನನ್ನ ಕೆಲಸ ಅಲ್ಲವಲ್ಲ."

ಮೊದಲು ನಕ್ಕವರು ಅವರೇ. ಆಮೇಲೆ ತಮ್ಮ, ಆಮೇಲೆ ಮುದಿ ಮಾವ, ಬೊಚ್ಚು ಬಾಯಿ ತೆರೆದು. ನಾಲ್ವರೂ ಒದ್ದೆ ಪಂಚೆಯಲ್ಲಿ ರಸ್ತೆಯ ನಡುವೆ ನಿಂತು ಹೊಟ್ಟೆ ಹಿಡಿದುಕೊಂಡು ನಕ್ಕೆವು. ಹಿಂದಿನಿಂದ ಬಂದ ಬಸ್ಸಿನ ಕಂಡಕ್ಟರು ತಲೆ ಹೊರಗೆ ಹಾಕಿ, "ಎಂತ, ಮದುವೆ ದಿಬ್ಬಣವಾ?" ಎಂದು ಕೇಳಿ ಹೋದ. ಬಸ್ಸು ಹೋದ ಮೇಲೆ ನೋಡಿದರೆ ಡ್ರೈವರಣ್ಣ ಕಾರಿನ ಎಡಗಡೆಯ ಬಾಗಿಲಿಗೆ ಹಣೆ ಒತ್ತಿ ನಿಂತಿದ್ದರು. ಹೆಗಲು ಕುಣಿಯುತ್ತಿತ್ತು. ಈಗ ಅದು ನಗು ಆಗಿರಲಿಲ್ಲ. ಅಳಲಿ ಎಂದು ನಾವು ಬಿಟ್ಟೆವು.

ಸುಮಾರು ಹೊತ್ತಿನ ಮೇಲೆ ಮುಖ ಒರೆಸಿಕೊಂಡು ನನ್ನ ಹತ್ತಿರ ಬಂದರು. ನಾನು ಇಂಜಿನಿಗೆ ಅಂಟಿದ ಸುಟ್ಟ ನೂಲು ಕೆರೆದು ತೆಗೆಯುತ್ತಿದ್ದೆ.

"ಯಾರಿಗೂ ಹೇಳ್ಬೇಡ," ಎಂದರು ಮೆಲ್ಲಗೆ. "ನನಗೆ ಮೂಗು ಬಂದು ವರ್ಷಗಟ್ಟಲೆ ಆಯ್ತು. ಅವಳಿಗೆ ಕೊನೆವರೆಗೂ ಗೊತ್ತಾಗಲಿಲ್ಲ. ಅಷ್ಟು ಜಾಗ್ರತೆ ಮಾಡಿದ್ದೆ ನಾನು."

"ಗೊತ್ತಾಗಿರಲಿಕ್ಕಿಲ್ಲ ಅಣ್ಣ," ಎಂದೆ, ಬೋನೆಟ್ಟಿನೊಳಗೆ ಇನ್ನಷ್ಟು ತಲೆ ಹಾಕಿ.

"ಪಾಪದವಳು ಮಾರಾಯ," ಎಂದರು ಅವರು. "ನಾನು ಎಂತ ಹೇಳಿದರೂ ನಂಬ್ತಿದ್ದಳು."